ಬಾಗಿಲು ಹಾಕಿಕೊಂಡ ಚಿಗವ್ವ

ಮೊನ್ನೆ ಹೊನ್ನಾಳಿ ಸಂತೆಯಲ್ಲಿ ಕಂಬಳಿ ಮಾರುವವನೊಬ್ಬ ಹೊಸ ಕರಿಕಂಬಳಿಯನ್ನು ಕೊಡವಿ ನನ್ನ ಮುಂದೆ ಹಾಸಿದ. ಕೊಳ್ಳುವ ಮನಸ್ಸೇನೂ ನನಗಿರಲಿಲ್ಲ. ಈ ವಯಸ್ಸಿಗೆ ಮನೆಯಲ್ಲಿರುವ ಹೊದಿಕೆಗಳೇ ಹೆಚ್ಚು, ಸುಮ್ಮನೆ ಬೆಲೆ ಕೇಳುವ ಚಟ ಅಷ್ಟೆ. ಆದರೆ ಕಂಬಳಿಯಿಂದ ಎದ್ದ ವಾಸನೆ ಮೂಗಿಗೆ ಬಡಿಯಿತು ನೋಡಿ, ಕೇಳಿದ ಬೆಲೆಯೂ ಮರೆತುಹೋಯಿತು. ಕುರಿಯ ಉಣ್ಣೆ, ಅದರ ಜೊತೆಗೆ ಬೇಯಿಸಿದ ಹುಣಸೆಬೀಜದ ಗಂಜಿಯ ಆ ಕಮಟು... ನಾನು ಕಂಬಳಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕುಳಿತುಬಿಟ್ಟೆ. "ಯಾಕಜ್ಜಿ, ಹುಷಾರಿಲ್ಲೇನು?" ಎಂದು ಮಾರುವವನು ನೀರು ಕೊಟ್ಟ. ಹುಷಾರಾಗಿಯೇ ಇದ್ದೆ. ಕಿವಿ ಮಾತ್ರ ಜಗಳೂರಿಗೆ ಹೋಗಿತ್ತು.

ನಾನು ಹುಟ್ಟಿ ಬೆಳೆದದ್ದು ಜಗಳೂರಿನಲ್ಲಿ. ಅಪ್ಪ ಉಣ್ಣೆ, ಕಂಬಳಿಯ ವ್ಯಾಪಾರ ಮಾಡುತ್ತಿದ್ದರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಕಂಬಳಿಗೆ ಎಲ್ಲಿಲ್ಲದ ಗಿರಾಕಿ. ನಮ್ಮ ಮನೆಗೂ ಪಕ್ಕದ ನೇಕಾರರ ಮನೆಗೂ ಒಂದೇ ಗೋಡೆ, ಮಣ್ಣಿನದು. ಆ ಗೋಡೆಯ ಆಚೆಗೆ ನೆಲದಲ್ಲಿ ಗುಂಡಿ ತೋಡಿ ಮಗ್ಗ ಹೂಡಿದ್ದರು. ನೇಯುವವನು ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರಬೇಕು. ಎಳೆ ಹಾಯಿಸಿದ ಮೇಲೆ ಕತ್ತಿಯಾಕಾರದ ಒಂದು ಮರದ ಹಲಗೆಯಿಂದ ಅದನ್ನು ಬಡಿದು ಒತ್ತಬೇಕು. ಧಪ್, ಧಪ್, ಧಪ್. ಬೆಳಗಿನಿಂದ ಸಂಜೆಯವರೆಗೆ ಇದೇ ಸದ್ದು. ನನಗೆ ತೊಟ್ಟಿಲಲ್ಲಿ ಜೋಗುಳ ಹಾಡಿದವರಿಗಿಂತ ಆ ಹಲಗೆಯೇ ಹೆಚ್ಚು ನಿದ್ದೆ ಮಾಡಿಸಿದೆ ಎಂದು ಅವ್ವ ನಗುತ್ತಿದ್ದಳು.

ಆದರೆ ಅದೇ ಅವ್ವ ಕೆಲವು ದಿನ ಇದ್ದಕ್ಕಿದ್ದಂತೆ ಮುಸುರೆ ತಿಕ್ಕುವುದನ್ನು ನಿಲ್ಲಿಸಿ ಗೋಡೆಯತ್ತ ತಿರುಗುತ್ತಿದ್ದಳು. ಯಾಕೆಂದು ಬಹಳ ದಿನ ತಿಳಿಯಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ. "ಒಂದೇ ಸಮ ಬಂದ್ರೆ ಕಂಬಳಿಗೆ ಬಡಿಯಾಕತ್ಯಾನೆ ಅಂತ," ಎಂದಳು. "ನಿಂತು ನಿಂತು ಬಂದ್ರೆ ಅಲ್ಲ." ಅಷ್ಟು ಹೇಳಿ ಮತ್ತೆ ಪಾತ್ರೆಗೆ ಬೂದಿ ಹಚ್ಚಿದಳು. ಆ ಮೇಲೆ ನಾನೂ ಕೇಳುವುದನ್ನು ಕಲಿತೆ. ಆಟದ ಮಧ್ಯೆ, ಊಟದ ಮಧ್ಯೆ, ಕಿವಿ ತಾನಾಗಿ ಆ ಸದ್ದಿನ ಲೆಕ್ಕ ಹಿಡಿಯುತ್ತಿತ್ತು. ಸದ್ದು ನಿಂತರೆ ತುತ್ತು ಬಾಯಲ್ಲೇ ಉಳಿಯುತ್ತಿತ್ತು.

ಆ ಪೆಟ್ಟು ಬೀಳುತ್ತಿದ್ದದ್ದು ನೇಕಾರನ ಹೆಂಡತಿ ಚಿಗವ್ವನ ಮೈಮೇಲೆ. ರಕ್ತಸಂಬಂಧವೇನಲ್ಲ, ಅವ್ವನನ್ನು ಅವಳು ಅಕ್ಕ ಎನ್ನುತ್ತಿದ್ದಳು, ಹಾಗಾಗಿ ನನಗೆ ಚಿಗವ್ವ. ನ್ಯಾಮತಿ ಕಡೆಯ ಹೆಣ್ಣು. ಸಣ್ಣ ಆಳು, ದೊಡ್ಡ ನಗು. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿ ಕಾಯಿಸುವಾಗ ನನ್ನನ್ನು ಕರೆದು, "ಬಾರವ್ವ, ನಿನ್ನ ಮದುವೆ ಪಾಯಸ ಕಾಯ್ಸಾಕತ್ತೀನಿ, ರುಚಿ ನೋಡು," ಎಂದು ಕಡ್ಡಿಯ ತುದಿಯಿಂದ ನನ್ನ ಮೂಗಿಗೆ ಗಂಜಿ ಹಚ್ಚುತ್ತಿದ್ದಳು. ಒಣಗಿದರೆ ಮೂಗು ಬಿರುಸಾಗುತ್ತಿತ್ತು, ಇಬ್ಬರೂ ನಗುತ್ತಿದ್ದೆವು. ಅವಳು ಎಲ್ಲಿ ಕೂತರೂ ಬೆನ್ನನ್ನು ಗೋಡೆಗೆ ಕೊಟ್ಟೇ ಕೂರುತ್ತಿದ್ದಳು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಈಗ ಹೇಳಬೇಕಾದ ಮಾತು ಕೇಳಿದರೆ ಇಂದಿನವರು ನಗಬಹುದು. ಅವಳನ್ನು ಹೊಡೆಯುತ್ತಿದ್ದದ್ದು ಅವಳ ಗಂಡ ಎಂದು ನಮ್ಮ ಓಣಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೊಡೆಯುತ್ತಿದ್ದವನು ಸತ್ತ ಮಾವ. ಆತ ಸತ್ತು ವರ್ಷಗಳೇ ಆಗಿದ್ದವು. ಒಳ್ಳೆಯ ನೇಕಾರನಂತೆ, ಭಾರೀ ಕೋಪಿಷ್ಠನಂತೆ. ಮಗ ಅದೇ ಗುಂಡಿಯಲ್ಲಿ ಕೂತು, ಅದೇ ಹಲಗೆ ಹಿಡಿದು ನೇಯುತ್ತಿದ್ದ. ನೇಯುತ್ತಾ ನೇಯುತ್ತಾ ಒಮ್ಮೊಮ್ಮೆ ಅವನ ದನಿ ದಪ್ಪವಾಗುತ್ತಿತ್ತು. "ತಲೆ ಎತ್ತಬ್ಯಾಡ" ಎನ್ನುತ್ತಿದ್ದ. ಅದು ಸತ್ತವನ ಮಾತು, ಬದುಕಿದ್ದಾಗ ಹೆಂಡತಿಗೆ ಆತ ಹೇಳುತ್ತಿದ್ದದ್ದೇ ಅದು. ಆ ಮಾತು ಬಂತೆಂದರೆ ಹಿರಿಯ ಮೈಮೇಲೆ ಬಂದ ಎಂದು ಅರ್ಥ. ಹಲಗೆ ಕಂಬಳಿ ಬಿಟ್ಟು ಮೇಲೇಳುತ್ತಿತ್ತು.

ಮುಗಿದ ಮೇಲೆ ನಡೆಯುತ್ತಿದ್ದದ್ದು ಇನ್ನೂ ವಿಚಿತ್ರ. ಅವನು ಬೆವರುತ್ತಾ, ನಡುಗುತ್ತಾ ಕಂಬಕ್ಕೆ ಒರಗಿ ಕೂರುತ್ತಿದ್ದ. ಓಣಿಯವರು ಬಂದು ಕಾಯಿ ಒಡೆಯುತ್ತಿದ್ದರು. ಪೆಟ್ಟು ತಿಂದವಳು ತುಂಬಿದ ಚೊಂಬು, ಬೇವಿನಸೊಪ್ಪು ಹಿಡಿದು ಬಂದು ಅವನ ಪಾದಕ್ಕೆ ನೀರು ಹಾಕಿ, "ತಪ್ಪಾತು ಮಾವ" ಎಂದು ಹಣೆ ಹಚ್ಚಬೇಕಿತ್ತು. ಏನು ತಪ್ಪು ಎಂದು ಯಾರೂ ಕೇಳುತ್ತಿರಲಿಲ್ಲ, ಹಿರಿಯರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ. ನಾನೇ ನೋಡಿದ್ದೇನೆ. ತುಟಿ ಒಡೆದಿದ್ದ ಚಿಗವ್ವ ನೀರು ಹಾಕುವಾಗ ಆ ನೀರು ಕೆಂಪಗೆ ಹರಿದು ನನ್ನ ಕಾಲಬೆರಳವರೆಗೂ ಬಂದಿತ್ತು. ನೆನೆದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಅವ್ವ ಅಪ್ಪನಿಗೆ ಒಮ್ಮೆ ಹೇಳಿನೋಡಿದಳು. "ನೀವಾದ್ರೂ ಒಂದು ಮಾತು ಹೇಳ್ರಿ ಅವನಿಗೆ. ಆಕಿ ಒಂದಿನ ಸತ್ತು ಹೋಗ್ತಾಳೆ." ಅಪ್ಪ ಉಣ್ಣೆ ತೂಗುತ್ತಿದ್ದವರು ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. "ಅವರ ಮನೆ ಹಿರೇರ ವಿಷಯ, ನಾವು ಬಾಯಿ ಹಾಕಬಾರದು. ಅದೂ ಅಲ್ದೆ ಅವನ ಕೈ ನೇಯ್ಗೆ ಈ ಸೀಮೆಯಾಗೆ ಇನ್ನೊಬ್ಬರಿಗಿಲ್ಲ," ಎಂದರು. ನನ್ನ ಅಪ್ಪ ಕೆಟ್ಟವರಲ್ಲ. ಆದರೆ ಒಳ್ಳೆಯ ಕಂಬಳಿ ಎಂದರೆ ಅವರಿಗೆ ಎಲ್ಲವೂ ಮಾಫಿ.

ಆ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು, ಸತ್ತವನ ಹೆಂಡತಿ. ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ದಿನವೆಲ್ಲ ಪಡಸಾಲೆಯ ಮೂಲೆಯಲ್ಲಿ ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದಳು. ಮಗನ ದನಿ ದಪ್ಪವಾದ ಕೂಡಲೇ ಆ ಕುರುಡಿಯ ಕೈ ನಿಲ್ಲುತ್ತಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮೊಣಕಾಲಿನ ನಡುವೆ ಮುಖ ಹುದುಗಿಸಿ ಮುದುಡುತ್ತಿದ್ದಳು. ಗಂಡ ಬಂದನೆಂದೇ ಅವಳ ಎಣಿಕೆ. ಹೊಡೆತ ತನಗೇ ಬೀಳುತ್ತದೆಂದು ಕಾಯುತ್ತಿದ್ದಳು. ಸತ್ತ ಮೇಲೂ ಆ ಮನುಷ್ಯ ಅವಳನ್ನು ಬಿಟ್ಟಿರಲಿಲ್ಲ.

ಚಿಗವ್ವನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗ ನನಗಿಂತ ಎರಡು ವರ್ಷ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಿದ್ದ. ಪಾಪದ ಹುಡುಗ. ಕುರಿಮರಿಗೆ ಮುಳ್ಳು ಚುಚ್ಚಿದರೆ ತಾನು ಅಳುವ ಜಾತಿ. ಒಂದು ಮಧ್ಯಾಹ್ನ ನಾವು ಮೂವರೂ ಅವರ ಪಡಸಾಲೆಯಲ್ಲಿ ಆಡುತ್ತಿದ್ದೆವು. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಓಣಿಯಲ್ಲಿ ಒಂದು ನಾಯಿಯೂ ಇಲ್ಲ. ಅವನ ತಂದೆ ಊರಲ್ಲಿರಲಿಲ್ಲ, ಮಗ್ಗ ಸುಮ್ಮನಿತ್ತು. ತಂಗಿ ಅವನು ಮಣ್ಣಿನಲ್ಲಿ ಮಾಡಿದ ಎತ್ತನ್ನು ತುಳಿದು ಮುರಿದಳು. ಹುಡುಗ ಮೆಲ್ಲಗೆ ಎದ್ದ. ಗೋಡೆಗೆ ಒರಗಿಸಿದ್ದ ಬೇಲಿಯ ಕೋಲೊಂದನ್ನು ತೆಗೆದುಕೊಂಡ. "ತಲೆ ಎತ್ತಬ್ಯಾಡ" ಎಂದ.

ಮಕ್ಕಳ ದನಿಯಲ್ಲ ಅದು. ಎಲ್ಲಿಂದ ಬಂತೋ... ಆ ಪುಟ್ಟ ಹುಡುಗಿ ಯಾರೂ ಹೇಳಿಕೊಡದೆ ತಲೆ ತಗ್ಗಿಸಿ ಕೈಜೋಡಿಸಿದಳು. ಮೂಲೆಯಲ್ಲಿ ಕದಿರು ನಿಂತಿತು. ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹಿತ್ತಿಲ ಬಾಗಿಲಲ್ಲಿ ಗಂಜಿಯ ಪಾತ್ರೆ ಹಿಡಿದು ಚಿಗವ್ವ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಮಗನನ್ನಲ್ಲ, ಆ ಸೆರಗನ್ನು. ಕೋಲು ಬೀಳುವ ಮೊದಲೇ ಓಡಿಬಂದು ಮಗನ ಕೈ ಹಿಡಿದಳು. ಗಂಜಿ ನೆಲದ ಮೇಲೆಲ್ಲ ಚೆಲ್ಲಿತು. ಹುಡುಗ ಎಚ್ಚರಾದವನಂತೆ ಕಣ್ಣು ಮಿಟುಕಿಸಿ ಅಳತೊಡಗಿದ.

ನನ್ನ ಬಾಯಿ ಸುಮ್ಮನಿರುವ ಬಾಯಿಯಲ್ಲ. ಸಂಜೆಯೊಳಗೆ ಸುದ್ದಿ ಓಣಿಗೆಲ್ಲ ಗೊತ್ತಾಯಿತು. ಜನ ಹೆದರುತ್ತಾರೆ ಎಂದುಕೊಂಡಿದ್ದೆ. ಅವರು ಸಂತೋಷಪಟ್ಟರು. ಓಣಿಗೆ ಹಿರಿತಲೆಯಾಗಿದ್ದ ಗುಡಿಯ ಪೂಜೆಯ ಮುದುಕ ಮೀಸೆ ತೀಡುತ್ತಾ ಬಂದು ಹುಡುಗನ ತಲೆ ಸವರಿ, "ಅಜ್ಜ ಮೊಮ್ಮಗನ ಮ್ಯಾಲೆ ಇಳಿದಾನೆ. ಮನೆತನ ಉಳೀತು," ಎಂದ. ಮಾರ್ನಮಿ ಅಮಾವಾಸ್ಯೆ ಹತ್ತಿರವಿತ್ತು, ಹಿರಿಯರಿಗೆ ಎಡೆ ಇಡುವ ದಿನ. ಅಂದು ಎಡೆಯ ಮುಂದೆ ಹುಡುಗನಿಗೆ ಆ ಹಲಗೆ ಹಿಡಿಸಬೇಕು, ಮನೆಯ ಹೆಂಗಸರೆಲ್ಲ ಅವನ ಪಾದಕ್ಕೆ ನೀರು ಹಾಕಿ ಹಣೆ ಹಚ್ಚಬೇಕು, ಅಲ್ಲಿಗೆ ಅವನೂ ಹಿರಿಯನ ಆಳು ಎಂದು ತೀರ್ಮಾನವಾಯಿತು. ಹುಡುಗನಿಗೆ ಹೊಸ ಪಂಚೆ, ರುಮಾಲು ಬಂದವು. ಅವನೂ ಮೆಲ್ಲಗೆ ಬೀಗತೊಡಗಿದ. ಒಂದು ದಿನ ನನಗೇ, "ನನ್ನ ಜೊತಿ ನೆಟ್ಟಗೆ ಮಾತಾಡು" ಎಂದ.

ಚಿಗವ್ವ ಆ ವಾರ ನಮ್ಮ ಹಿತ್ತಿಲಿಗೆ ಬಂದು ಅವ್ವನ ಹತ್ತಿರ ಕೂತಳು. ಅಂದು ನಗಲಿಲ್ಲ.

"ಅಕ್ಕ, ನನಗೆ ಬೀಳೋದು ಬೀಳ್ಲಿ. ಇಷ್ಟು ದಿನ ತಡಕೊಂಡೀನಿ. ಆದ್ರೆ ಅವತ್ತು ನನ್ನ ಮಗನ ಪಾದಕ್ಕೆ ನಾನು ಹಣೆ ಹಚ್ಚಿದ್ರೆ ಅವನು ಹ್ವಾದ. ಮುಂದೆ ಬರೋ ಹುಡುಗಿ ಯಾರೋ ಏನೋ, ಆಕಿ ಹೆಂಗೆ ಬದುಕಬೇಕು?"

"ಮತ್ತೇನು ಮಾಡ್ತೀಯ?"

"ಗೊತ್ತಿಲ್ಲ. ಒಳಗೆ ಯಾರು ಬರ್ತಾರೆ ಅಂತ ಒಂದ್ಸಲ ನೋಡ್ಬೇಕು."

ಅವ್ವ ಬೆಚ್ಚಿ ಅವಳ ಬಾಯಿ ಮುಚ್ಚಿದಳು. ಯಾಕೆಂದರೆ ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ಬದುಕಿರುವ ಜೀವ ಒಳಗಿರಬಾರದು. ಇದ್ದರೆ ರಕ್ತ ಕಾರಿ ಸಾಯುತ್ತಾರೆಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಅಮಾವಾಸ್ಯೆಯ ದಿನ ನಡುಹೊತ್ತಿಗೆ ಎಡೆಯಾಯಿತು. ರೊಟ್ಟಿ, ಬಾಡಿನ ಸಾರು, ಕಡುಬು, ಒಂದು ಕಟ್ಟು ಬೀಡಿ, ಹೊಸ ಪಂಚೆ, ಅದರ ಮೇಲೆ ಆ ಹಲಗೆ. ಎಲ್ಲರೂ ಹೊರಗೆ ಬಂದರು. ಎಡೆ ಬಡಿಸಿದವಳು ಕೊನೆಗೆ ಬರುವುದು ಪದ್ಧತಿ. ಚಿಗವ್ವ ಹೊಸಿಲವರೆಗೆ ಬಂದಳು, ರುಮಾಲು ಸುತ್ತಿಕೊಂಡು ನಿಂತಿದ್ದ ಮಗನನ್ನೊಮ್ಮೆ ನೋಡಿದಳು, ಬಾಗಿಲನ್ನು ಒಳಗಿನಿಂದ ಹಾಕಿಕೊಂಡಳು. ಅಗಳಿ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಅಷ್ಟು ಜನ ಆ ಉರಿಬಿಸಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಎಲ್ಲರಿಗಿಂತ ಹೆದರಿದ್ದವನು ಅವಳ ಗಂಡ. ಮುಖ ಬಿಳಿಚಿಕೊಂಡಿತ್ತು. ಅವನು ಚಿಕ್ಕವನಿದ್ದಾಗ ತನ್ನಪ್ಪ ತನ್ನವ್ವನನ್ನು ಹೊಡೆಯುವಾಗ ಮಗ್ಗದ ಗುಂಡಿಯಲ್ಲಿ ಅವಿತುಕೊಳ್ಳುತ್ತಿದ್ದನಂತೆ, ಮುಂದೊಂದು ದಿನ ಅಜ್ಜಿ ಹೇಳಿದಳು. ಅಂದು ನೋಡಿದ ಮುಖ ಆ ಗುಂಡಿಯೊಳಗಿನ ಹುಡುಗನದೇ ಇರಬೇಕು.

ನಾನು ಜನರ ನಡುವಿನಿಂದ ನುಸುಳಿ ನಮ್ಮ ಮನೆಗೆ ಓಡಿದೆ. ನಡುಗೋಡೆಗೆ ಕಿವಿ ಹಚ್ಚಿದೆ. ಒಳಗೆ ಚಿಗವ್ವ ಮಾತಾಡುತ್ತಿದ್ದಳು. ಸಣ್ಣ ದನಿ, ಮಾತು ಬಿಡಿಸಿ ಕೇಳಿಸುತ್ತಿರಲಿಲ್ಲ. ಒಂದು ಮಾತು ಆಡುತ್ತಿದ್ದಳು, ಸುಮ್ಮನಾಗುತ್ತಿದ್ದಳು. ಮತ್ತೆ ಆಡುತ್ತಿದ್ದಳು. ಎದುರಿಗೆ ಕೂತವರು ಉತ್ತರ ಹೇಳುವಷ್ಟು ಹೊತ್ತು ಸುಮ್ಮನಿರುತ್ತಿದ್ದಳು... ಉತ್ತರ ನನಗೆ ಕೇಳಿಸಲಿಲ್ಲ. ಆಮೇಲೆ ಗೋಡೆ ಅದುರಿತು. ಧಪ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮತ್ತೊಂದು. ನಿಂತು ನಿಂತು ಬರುತ್ತಿತ್ತು.

ಹೊರಗೆ ಓಡಿಬಂದೆ. ಸದ್ದು ಅಲ್ಲಿಗೂ ಕೇಳುತ್ತಿತ್ತು. "ಹಿರಿಯ ಸಿಟ್ಟಾಗ್ಯಾನೆ, ಇನ್ನು ಆಕಿ ಉಳಿಯಲ್ಲ," ಎಂದ ಪೂಜೆಯ ಮುದುಕ. ಹುಡುಗ ರುಮಾಲು ಕಿತ್ತೆಸೆದು ಬಾಗಿಲಿಗೆ ಹೋಗಿ ಎರಡೂ ಕೈಯಿಂದ ಬಡಿಯತೊಡಗಿದ. ಮುದುಕ ಹಿಡಿದೆಳೆಯಲು ಹೋದರೆ ಅವನ ಕೈ ಕಚ್ಚಿದ.

"ಅಜ್ಜ, ನಮ್ಮವ್ವನ್ನ ಬಿಡು," ಎಂದು ಅಳುತ್ತಿದ್ದ. "ನಂಗೆ ಆ ಹಲಗೆ ಬ್ಯಾಡ. ನಾನು ಮುಟ್ಟಲ್ಲ. ಅವ್ವನ್ನ ಬಿಡು."

ಸದ್ದು ನಿಂತಿತು. ಅಗಳಿ ಸರಿಯಿತು. ಚಿಗವ್ವ ಬಾಗಿಲಲ್ಲಿ ನಿಂತಿದ್ದಳು. ಮೈಮೇಲೆ ಒಂದು ಗೀರೂ ಇಲ್ಲ. ಕೈಯಲ್ಲಿ ಹಲಗೆ. ಅವಳ ಹಿಂದೆ ಎಡೆಯ ಎಲೆ ಕಾಣುತ್ತಿತ್ತು, ಖಾಲಿ. ಬೀಡಿಯ ಕಟ್ಟೊಂದನ್ನು ಬಿಟ್ಟು ಎಲ್ಲವನ್ನೂ ಅವಳೇ ಉಂಡಿದ್ದಳು. ಬಾಯಿಯ ಸುತ್ತ ಕಡುಬಿನ ಹೂರಣ ಇನ್ನೂ ಹತ್ತಿಕೊಂಡಿತ್ತು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು, ಅವ್ವ ತೊಡೆ ಚಿವುಟಿದಳು.

ಅವಳು ಮಗನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಯಾರೂ ಬಂದಿಲ್ಲಪ್ಪ. ನಾನೊಬ್ಬಾಕೇ ಇದ್ದೆ. ಈ ಹಲಗೆ ತಗೊಂಡು ನೆಲಕ್ಕೆ ಬಡಿದಾಕಿ ನಾನೇ. ಕೈ ಎತ್ತಿದ್ರೆ ಏಳ್ತೈತೆ, ಇಳಿಸಿದ್ರೆ ಇಳೀತೈತೆ. ಒಳಗೆ ಬಂದು ನೋಡು, ಯಾರೂ ಇಲ್ಲ."

ಹುಡುಗ ಅವಳ ಕತ್ತಿಗೆ ಜೋತುಬಿದ್ದ. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಜಗುಲಿಯ ತುದಿಯಿಂದ ಅಜ್ಜಿ ಎದ್ದಳು. ಗೋಡೆ ಸವರಿಕೊಂಡು ಬಂದು ಸೊಸೆಯ ಮುಖ, ಕೈ, ಬೆನ್ನು ಎಲ್ಲವನ್ನೂ ಬೆರಳಲ್ಲಿ ಮುಟ್ಟಿನೋಡಿದಳು.

"ಅವನು ಬಂದಿಲ್ಲೇನು?"

"ಇಲ್ಲ ಅತ್ತೆ."

"ಹಂಗಾರೆ ಇಷ್ಟು ದಿನ ನಿನ್ನ ಹೊಡದೋನು ಯಾರು?"

ಕುರುಡಿ ತಲೆ ತಿರುಗಿಸಿ ಜನರ ಉಸಿರಾಟ ಕೇಳುತ್ತಾ ನಿಂತಳು. ಮಗ ನಿಂತ ಕಡೆಗೇ ಕೊನೆಗೆ ತಿರುಗಿದಳು, ಅದು ಹೇಗೆ ತಿಳಿಯಿತೋ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಚಿಗವ್ವ ಹಲಗೆಯನ್ನು ಅವನ ಕೈಗಿಟ್ಟು, "ಇದು ಕಂಬಳಿ ಬಡಿಯಾಕೆ. ಮಗ್ಗದಾಗಿಡ್ರಿ," ಎಂದಳು. ಅಂದು ಅವಳ ಮಗನ ಪಾದಕ್ಕೆ ಯಾರೂ ನೀರು ಹಾಕಲಿಲ್ಲ.

ಮರುದಿನದಿಂದ ಅವನು ದೇವರಂಥ ಗಂಡನಾದ ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ತಿಂಗಳ ಮೇಲೆ ಮತ್ತೆ ದನಿ ದಪ್ಪವಾಯಿತು, ಹಲಗೆ ಎದ್ದಿತು. ಗೋಡೆಯಾಚೆಯಿಂದ ನಾನೂ ಅವ್ವನೂ ಕೇಳುತ್ತಿದ್ದೆವು. ಆದರೆ ಈ ಸಲ ಅಜ್ಜಿ ಸೆರಗು ಎಳೆದುಕೊಳ್ಳಲಿಲ್ಲವೆಂದು ಚಿಗವ್ವ ಆಮೇಲೆ ಹೇಳಿದಳು. ನೂಲುತ್ತಿದ್ದ ಕದಿರು ಕೆಳಗಿಟ್ಟು ಗಟ್ಟಿಯಾಗಿ ಕೇಳಿದಳು, "ಯಾರಲೇ ಅದು? ಹೆಸರು ಹೇಳಿ ಹೊಡಿ."

ಅವನು ತನ್ನಪ್ಪನ ಹೆಸರು ಹೇಳುವಂತಿಲ್ಲ, ಆತ ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತಾಗಿತ್ತು. ತನ್ನ ಹೆಸರು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹಲಗೆ ನೆಲಕ್ಕೆ ಬಿದ್ದ ಸದ್ದು ಕೇಳಿತು. ಆಮೇಲೆ ಒಬ್ಬ ಗಂಡಸು ಅಳುವ ಸದ್ದು... ನಾನು ಅಂಥದ್ದನ್ನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಜ್ಜಿ ಬದುಕಿರುವವರೆಗೂ ಅದೊಂದೇ ಮಾತಿನಲ್ಲಿ ಆ ಮನೆಯನ್ನು ಕಾದಳು. ಅವಳು ಹೋದ ಮೇಲೆ ಕೇಳಲು ಚಿಗವ್ವ ಇದ್ದಳು. ಅವನೂ ಮೆತ್ತಗಾದ, ಮಾತು ಕಡಿಮೆ ಮಾಡಿದ, ನೇಯ್ದುಕೊಂಡಿದ್ದು ಒಂದು ದಿನ ತೀರಿಕೊಂಡ.

ನಾನು ಮದುವೆಯಾಗಿ ಹೊನ್ನಾಳಿಗೆ ಹೊರಡುವ ಮುಂಚೆ ಧೈರ್ಯ ಮಾಡಿ ಚಿಗವ್ವನನ್ನು ಕೇಳಿದ್ದೆ, ಅವತ್ತು ಒಳಗೆ ಯಾರ ಜೊತೆ ಮಾತಾಡುತ್ತಿದ್ದೆ ಎಂದು. ಅವಳು ನನ್ನ ಜಡೆ ಹೆಣೆಯುತ್ತಿದ್ದಳು. ಕೈ ನಿಂತಿತು.

"ಯಾರೂ ಇರ್ಲಿಲ್ಲ ಅಂತ ಹೇಳೀನಲ್ಲವ್ವ."

ಮತ್ತೆ ಹೆಣೆಯುತ್ತಾ, ಮೆಲ್ಲಗೆ ಎಂದಳು, "ಇದ್ದಿದ್ರೂ ಇರ್ಲಿಲ್ಲ ಅಂತಾನೇ ಹೇಳ್ತಿದ್ದೆ."

ಅವಳ ಮುಖ ನನಗೆ ಕಾಣಲಿಲ್ಲ, ಹಿಂದೆ ಕೂತಿದ್ದಳು. ತಿರುಗಿ ನೋಡಲು ನನಗೆ ಆಗಲಿಲ್ಲ. ಇವತ್ತಿಗೂ ಆ ಮಾತನ್ನು ಯಾವ ಕಡೆಯಿಂದ ಹಿಡಿಯಬೇಕೋ ತಿಳಿಯದು.

ಚಿಗವ್ವ ತೀರಿಕೊಂಡ ಸುದ್ದಿ ನನಗೆ ತಡವಾಗಿ ಬಂತು. ಮಣ್ಣಿಗೆ ಹೋಗಲಾಗಲಿಲ್ಲ. ಆ ನೋವು ಇದ್ದೇ ಇದೆ. ಹೋದ ವರ್ಷ ಜಗಳೂರಿಗೆ ಒಂದು ಮದುವೆಗೆ ಹೋದಾಗ ಅವಳ ಮಗ ಸಿಕ್ಕ, ಅವನ ಮನೆಯ ಪಡಸಾಲೆಯಲ್ಲಿ ಕೂತೆವು. ತಲೆ ಪೂರ್ತಿ ನರೆತಿದೆ. ಅವನ ಹೆಂಡತಿ ನಮ್ಮ ಮುಂದೆಯೇ, "ನಿಮ್ಮ ತಮ್ಮಗೆ ಹೇಳ್ರಿ ಅಕ್ಕ, ಊಟಕ್ಕೆ ಕರೆದ್ರೆ ಕಿವಿ ಕೇಳಲ್ಲ," ಎಂದು ಅವನನ್ನು ಗದರಿ ಒಳಗೆ ಹೋದಳು. ಗೋಡೆಗೆ ಬೆನ್ನು ಕೊಡದೆ ಪಡಸಾಲೆಯ ನಡುವೆ ಆರಾಮವಾಗಿ ಓಡಾಡುವ ಹೆಂಗಸು. ನನ್ನ ಕಣ್ಣು ತುಂಬಿತು. ನಿಮ್ಮವ್ವ ಇದ್ದಿದ್ದರೆ ನೋಡಿ ಖುಷಿಪಡುತ್ತಿದ್ದಳು, ನೀನು ಯಾವತ್ತೂ ಇವಳ ಮೇಲೆ ಕೈ ಎತ್ತಲಿಲ್ಲವಲ್ಲ ಎಂದೆ.

ಅವನು ಮಾತಾಡಿದ. ಅದೇ ದಪ್ಪ ದನಿ, ಅವನಪ್ಪನದು, ಅವನಜ್ಜನದು. ಗೋಡೆಯಾಚೆಯಿಂದ ಕೇಳಿದ್ದ ದನಿ ನನ್ನ ಎದುರೇ ಕೂತು ಮಾತಾಡುತ್ತಿತ್ತು.

"ಎತ್ತಿಲ್ಲ ಅಂತ ಹೇಳಾಕೆ ಆಗಲ್ಲಕ್ಕ. ಎಷ್ಟೋ ಸಲ ಎತ್ತೀನಿ. ಎತ್ತಿದಾಗೆಲ್ಲ ನನ್ನ ಹೆಸರು ನಾನೇ ಗಟ್ಟಿಯಾಗಿ ಹೇಳ್ಕೊಂಡೆ. ಕೈ ಆಕಿ ಮ್ಯಾಲೆ ಬೀಳ್ದೆ ಕೆಳಗೆ ಬಂತು."

ಇದನ್ನು ಕೇಳಬೇಕಾಗಿದ್ದವಳು ಚಿಗವ್ವ. ಅವಳಿಲ್ಲ, ನಾನು ಕೇಳಿಸಿಕೊಂಡು ಬಂದೆ.